ಗುಜರಿಯ ಪೇಟಿ, ಸಭೆಯ ಹಾಡು

ನಮ್ಮ ಬೀದರ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ನುಡಿಸುವವರು ಪೇಟಿ ಮಾಸ್ತರು. ನಾನು ಚಿಕ್ಕವಳಿದ್ದಾಗ ಪೇಟಿ ಇಲ್ಲದ ಊರೇ ಇರಲಿಲ್ಲ ಅನ್ನಬಹುದು. ಭಜನೆಯವರ ಹತ್ತಿರ ಒಂದು, ನಾಟಕ ಆಡಿಸುವವರ ಮನೆಯಲ್ಲಿ ಒಂದು, ನಮ್ಮ ಮೆಥೊಡಿಸ್ಟ್ ಸಭೆ (ಕ್ರೈಸ್ತರ ಒಂದು ಪಂಗಡ) ಇರುವ ಊರಾದರೆ ಚರ್ಚಿನಲ್ಲೂ ಒಂದು. ಈಗ ಆ ಪೇಟಿಗಳು ಒಂದೊಂದಾಗಿ ಗುಜರಿ ಅಂಗಡಿಗೆ ಬರುತ್ತಿವೆ. ಮರ ಒಲೆಗೆ, ಒಳಗಿನ ಹಿತ್ತಾಳೆ ತೂಕಕ್ಕೆ. ಅದನ್ನು ನೋಡಿ ಸುಮ್ನೆ ಇರುವುದು ನನ್ನಿಂದ ಆಗುವುದಿಲ್ಲ.

ಕಾರಣ ಗೊತ್ತಿರುವುದೇ. ಕೀಬೋರ್ಡ್ ಬಂತು. ಒಂದು ಗುಂಡಿ ಒತ್ತಿದರೆ ತಬಲಾ, ಇನ್ನೊಂದು ಒತ್ತಿದರೆ ಕೊಳಲು. ಹುಡುಗರಿಗೆ ಅದು ಇಷ್ಟ. ನನಗೂ ಅದರ ಮೇಲೆ ಸಿಟ್ಟಿಲ್ಲ. ಆದರೆ ಪೇಟಿ ಬಾಯಿ ಮುಚ್ಚಿದ್ದು ಕೀಬೋರ್ಡಿನಿಂದ ಅಷ್ಟೇ ಅಲ್ಲ. ರಿಪೇರಿ ಮಾಡುವವರು ಕಮ್ಮಿಯಾದರು. ಒಂದು ಸ್ವರ ನಿಂತರೆ ಪೇಟಿ ಮೂಲೆಗೆ ಹೋಗುತ್ತದೆ. ಮೂಲೆಗೆ ಹೋದದ್ದನ್ನು ಇಲಿ ನೋಡುತ್ತದೆ. ಇಲಿ ಕಡಿದ ಮೇಲೆ ಗುಜರಿಯವನ ಗಾಡಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಶುರುವಿನಲ್ಲಿ ಇದ್ದದ್ದು ಒಂದೇ ಒಂದು ಸ್ವರದ ತೊಂದರೆ.

ನಮ್ಮಪ್ಪ ಪೇಟಿ ಮಾಸ್ತರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಪೇಟಿ ಇಟ್ಟು, ಹಗ್ಗ ಬಿಗಿದು ಹಳ್ಳಿಯ ಸಭೆಗಳಿಗೆ ಹೋಗುತ್ತಿದ್ದರು. ನುಡಿಸುವುದನ್ನೂ ಬಿಚ್ಚಿ ಕೂಡಿಸುವುದನ್ನೂ ನನಗೆ ಕಲಿಸಿದವರು ಅವರೇ. ನಾನು ಬೀದರಿನ ಮಂಗಲಪೇಟೆಯಲ್ಲಿ ಬೆಳೆದವಳು. ಬೀದರಿನಲ್ಲಿ ಶಾಲೆಯ ಕೆಲಸ. ಭಾನುವಾರ ಮಾತ್ರ ನನ್ನದು. ಆ ದಿನ ಗುಜರಿ ಅಂಗಡಿ, ಹಳ್ಳಿಯ ಚರ್ಚು, ಪೇಟಿ, ಇಷ್ಟೇ. ಅಪ್ಪನ ಡಬ್ಬಿಯಲ್ಲಿದ್ದ ಸಣ್ಣ ಕಾನಸು (ಅರ), ತೆಳ್ಳನೆಯ ಉಕ್ಕಿನ ಪಟ್ಟಿ, ಮೊಂಡು ಚಾಕು ಈಗ ನನ್ನ ಸ್ಕೂಟಿಯ ಡಿಕ್ಕಿಯಲ್ಲಿ ಇರುತ್ತವೆ.

ಕಳೆದ ಭಾನುವಾರದ್ದು ಹೇಳುತ್ತೇನೆ. ಎಳ್ಳ ಅಮವಾಸ್ಯೆ ಮುಗಿದು ಬೆಳಗಿನ ಚಳಿ ಇನ್ನೂ ಇತ್ತು. ಭಾಲ್ಕಿ ರಸ್ತೆಯ ಒಂದು ಹಳ್ಳಿಯ ಚರ್ಚಿನಲ್ಲಿ ಆರಾಧನೆ ಹನ್ನೊಂದಕ್ಕೆ. ಅದಕ್ಕೆ ಮೊದಲು ನಮ್ಮ ಚಾಚಾ ಅಂಗಡಿಗೆ ಹೋದೆ. ಚಾಚಾ ಅಂದರೆ ಹಳೇ ಸಾಮಾನು ಕೊಳ್ಳುವವರು. ನನ್ನನ್ನು ಕಂಡರೆ ಅರ್ಧ ದಖನಿ ಉರ್ದು, ಅರ್ಧ ಕನ್ನಡ. "ಆವೋ ಟೀಚರಮ್ಮ, ನಿಮ್ದು ಮಾಲ್ ಬಂದದ" ಅಂದರು. ಮಾಲು ತೋರಿಸುವ ಮೊದಲು ಚಹಾ ಕುಡಿಸದೆ ಬಿಡುವವರಲ್ಲ. ಚಹಾ ಬರುವ ತನಕ ನಾನು ಪಾತ್ರೆಗಳ ಮೇಲಿನ ಹೆಸರು ಓದುತ್ತಾ ಕೂತೆ.

ಹಳೇ ಸಾಮಾನಿನ ಅಂಗಡಿಗೆ ಹೋದರೆ ನೀವೂ ಹೀಗೆ ಮಾಡಿ ನೋಡಿ. ಹಿತ್ತಾಳೆ ಕೊಡ, ತಂಬಿಗೆ, ಹಂಡೆ ಎತ್ತಿ ಕಂಠದ ಹತ್ತಿರ, ಇಲ್ಲ ಅಂದರೆ ತಳದಲ್ಲಿ ನೋಡಿ. ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಇರುತ್ತದೆ. ಮದುವೆಗೆ ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಕೆಲವದರಲ್ಲಿ ತಾರೀಖು. ನಮ್ಮ ಬೀದರಿನ ವಿಶೇಷ ಅಂದರೆ ಈ ಹೆಸರುಗಳು ಒಂದೇ ಲಿಪಿಯಲ್ಲಿ ಇರುವುದಿಲ್ಲ. ಒಂದು ಕೊಡದ ಮೇಲೆ ಉರ್ದು, ಪಕ್ಕದ ತಟ್ಟೆಯ ಮೇಲೆ ಮರಾಠಿ, ಅದರ ಕೆಳಗಿನ ಬೋಗುಣಿಯ ಮೇಲೆ ತೆಲುಗು, ಮೂಲೆಯ ತಂಬಿಗೆಯ ಮೇಲೆ ಕನ್ನಡ. 1948ರ ತನಕ ನಾವು ನಿಜಾಮನ ಸಂಸ್ಥಾನದವರು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಾಲ್ಕು ಭಾಷೆಯ ಮನೆಗಳು ಒಂದೇ ಬಾವಿಯ ನೀರು ಸೇದುತ್ತಿದ್ದ ಕಾಲದ ಕೊಡಗಳು ಅವು. ಚಾಚಾ ಅವರ ಗಲ್ಲಾದಲ್ಲಿ ನಿಜಾಮನ ನಾಣ್ಯಗಳೂ ಇವೆ. ಚಾರ್ಮಿನಾರಿನ ಚಿತ್ರ, ಅದರ ಬಾಗಿಲಿನ ನಡುವೆ ಒಂದು ಸಣ್ಣ ಅಕ್ಷರ. ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನನ ನಾಣ್ಯವಾದರೆ ಅದು ಅವನ ಹೆಸರಿನ ಮೊದಲ ಅಕ್ಷರ ಐನ್. ಅವನ ತಂದೆ ಮಹಬೂಬ್ ಅಲಿ ಖಾನನದಾದರೆ ಮೀಮ್. ನಾಣ್ಯ ಎಷ್ಟು ಸವೆದಿದ್ದರೂ ಆ ಬಾಗಿಲು ಕಂಡರೆ ಸಾಕು, ಯಾರ ಕಾಲದ್ದು ಅಂತ ಹೇಳಬಹುದು.

ಬಿದ್ರಿ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಹೊರಗಿನಿಂದ ಬರುವವರು ಗುಜರಿಯಲ್ಲಿ ಮೊದಲು ಹುಡುಕುವುದು ಅದನ್ನೇ. ಹಳೇ ಪಾನ್‌ದಾನ್, ಹುಕ್ಕಾದ ತಳ, ಹೂಜಿ. ಬಿದ್ರಿ ಅಂದರೆ ಬಹುಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದ ಮೇಲೆ ಚಿತ್ತಾರ ಕೊರೆದು ಬೆಳ್ಳಿಯ ತಂತಿ, ತಗಡು ಕೂಡಿಸುತ್ತಾರೆ. ಆಮೇಲೆ ಕೋಟೆಯ ಒಳಗಿನ ಹಳೇ ಮಣ್ಣು, ನವಸಾಗರ (ಒಂದು ಬಗೆಯ ಲವಣ) ಎರಡನ್ನೂ ಕಲಸಿದ ನೀರು ಕಾಯಿಸಿ ಅದರಲ್ಲಿ ಹಾಕುತ್ತಾರೆ. ಸತು ಕಪ್ಪಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಹಚ್ಚಿ ಒರೆಸಿದರೆ ಆ ಕಪ್ಪು ಮಿಂಚುತ್ತದೆ. ಕೈಯಲ್ಲಿ ಹಿಡಿದರೆ ಭಾರ ಇರಬೇಕು. ಅಯಸ್ಕಾಂತ ಅಂಟಬಾರದು. ಬೆಳ್ಳಿ ಮೇಲೆ ಬಳಿದದ್ದಲ್ಲ, ಒಳಗೆ ಕೂತದ್ದು ಅಂತ ಉಗುರಿಗೇ ಗೊತ್ತಾಗುತ್ತದೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಬೀದರಿಗೆ ಬೀದರೇ ಖುಷಿಪಟ್ಟಿತು. ನನ್ನನ್ನು ಕೇಳಿದರೆ, ಹಳೇದು ಅಂತ ಹೇಳಿ ಮಾರುವವರಿಗಿಂತ ಹೊಸದನ್ನು ಕೂತು ಮಾಡುತ್ತಿರುವವರ ಹತ್ತಿರ ಕೊಳ್ಳಿ. ಸುತ್ತಿಗೆ ಸದ್ದು ಕೇಳಿಸುವ ಅಂಗಡಿಯಲ್ಲಿ ಕೊಳ್ಳಿ.

ಇನ್ನೊಂದು ಮಾತು, ಇದು ಗಟ್ಟಿಯಾಗಿಯೇ ಹೇಳಬೇಕಾದದ್ದು. ದೇವರ ಮೂರ್ತಿ, ಕೆತ್ತನೆಯ ಕಲ್ಲು, ಹಳೇ ಕೈಬರಹದ ಕಟ್ಟು ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಹಸ್ತಪ್ರತಿಗೆ 75 ವರ್ಷ ಸಾಕು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ. ಕಾನೂನು ಹಾಗಿರಲಿ, ಊರಿನ ದೇವರನ್ನು ಊರಿನಿಂದ ಎತ್ತಿಕೊಂಡು ಹೋಗಿ ಯಾರದೋ ಡ್ರಾಯಿಂಗ್ ರೂಮಿನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಅದು ಮಸೀದಿಯದ್ದಾಗಲಿ, ಗುಡಿಯದ್ದಾಗಲಿ, ಚರ್ಚಿನದ್ದಾಗಲಿ.

ಚಹಾ ಆಯಿತು. ಚಾಚಾ ಗೋಣಿಚೀಲ ಸರಿಸಿದರು. ಪೇಟಿ ಅನ್ನಲು ಉಳಿದದ್ದು ಒಂದು ಪೆಟ್ಟಿಗೆ ಮಾತ್ರ. ಗಾಳಿ ಒತ್ತುವ ಹಿಂದಿನ ತಿದಿ ಪೂರ್ತಿ ಹರಿದಿತ್ತು. ಬೆರಳಿನಿಂದ ಒತ್ತುವ ಪಟ್ಟಿಗಳು ಅಲ್ಲೊಂದು ಇಲ್ಲೊಂದು, ಮುದುಕರ ಹಲ್ಲಿನ ಹಾಗೆ. ಮುಚ್ಚಳದ ಒಳಗೆ ಮಾಡಿದವರ ಚೀಟಿ ಅಂಟಿಸಿದ್ದ ಗುರುತು ಇತ್ತು, ಚೀಟಿ ಇರಲಿಲ್ಲ. ನಾನು ಮೊದಲು ಸ್ಕ್ರೂ ನೋಡುತ್ತೇನೆ. ತಲೆಯ ಮೇಲೆ ಕೂಡಿಸುವ ಗುರುತಿನ (+) ಸ್ಕ್ರೂ ಹುಟ್ಟಿದ್ದೇ 1930ರ ದಶಕದಲ್ಲಿ. ಅದು ಕಂಡರೆ ಪೇಟಿ ಆಮೇಲಿನದ್ದು, ಇಲ್ಲವೇ ಆಮೇಲೆ ಯಾರೋ ಬಿಚ್ಚಿದ್ದಾರೆ. ಇದರಲ್ಲಿ ಎಲ್ಲವೂ ಒಂದೇ ಗೀರಿನವು. ಮರ ಸಾಗವಾನಿ. ಮೂಲೆಗಳಲ್ಲಿ ಮೊಳೆ ಇಲ್ಲ, ಮರಕ್ಕೆ ಮರ ಕಚ್ಚಿಸಿದ ಕೆಲಸ. ಒಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ರೀಡುಗಳ ಸಾಲು ಹಾಗೇ ಇತ್ತು. ಮೇಲೆ ಧೂಳು, ಜೇಡರ ಬಲೆ. ಒಂದರ ಮೇಲೆ ಬೆರಳಿಟ್ಟು ಒರೆಸಿದರೆ ಹಿತ್ತಾಳೆ ಹಳದಿಯಾಗಿ ಹೊಳೆಯಿತು.

ರೀಡು ಅಂದರೆ ಪೇಟಿಯ ಗಂಟಲು. ಒಂದು ಹಿತ್ತಾಳೆ ತಗಡು, ಅದರಲ್ಲಿ ಉದ್ದನೆಯ ಸೀಳು, ಸೀಳಿನ ಮೇಲೆ ಒಂದು ಕಡೆ ಮಾತ್ರ ಬಡಿದು ಕೂರಿಸಿದ ತೆಳು ನಾಲಿಗೆ. ಗಾಳಿ ಹಾಯ್ದರೆ ನಾಲಿಗೆ ಅದುರುತ್ತದೆ, ಸ್ವರ ಬರುತ್ತದೆ. ಒಳ್ಳೇ ಪೇಟಿಯಲ್ಲಿ ಮೂರು ಸಾಲು ಇರುತ್ತವೆ. ಖರ್ಜ (ತಗ್ಗು ಸ್ವರದ್ದು), ನರ (ನಡುವಿನದ್ದು), ಮಾದಿ (ಎತ್ತರದ್ದು). ಮೊದಲೆಲ್ಲ ರೀಡು ಜರ್ಮನಿಯಿಂದ, ಫ್ರಾನ್ಸಿನಿಂದ ಬರುತ್ತಿತ್ತು. ಆಮೇಲೆ ಗುಜರಾತಿನ ಪಾಲಿತಾಣಾದಲ್ಲಿ ಮಾಡಲು ಶುರು ಮಾಡಿದರು. ಇವತ್ತಿಗೂ ಪಾಲಿತಾಣಾ ರೀಡಿಗೆ ಬೆಲೆ ಇದೆ. ಪೆಟ್ಟಿಗೆ ಪೂರ್ತಿ ಹಾಳಾದರೂ ಆ ರೀಡು ಇನ್ನೊಂದು ಪೇಟಿಯಲ್ಲಿ ಹಾಡಬಲ್ಲದು. ಅದಕ್ಕೇ ನಾನು ಹಾಳಾದ ಪೇಟಿಯನ್ನೂ ಬಿಡುವುದಿಲ್ಲ.

ಚಾಚಾ ಹಿತ್ತಾಳೆಯ ತೂಕದ ಲೆಕ್ಕ ಹಾಕಿದರು. ನಾನು ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಟ್ಟೆ. ಅದರಿಂದ ಒಂದು ಉಪಯೋಗ ಇದೆ. ಮುಂದಿನ ಪೇಟಿ ಬಂದಾಗ ಅವರು ಒಡೆಯದೆ ನನಗೋಸ್ಕರ ಇಟ್ಟಿರುತ್ತಾರೆ. ಪೆಟ್ಟಿಗೆಯನ್ನು ಸ್ಕೂಟಿಯ ಕಾಲಿಡುವ ಜಾಗದಲ್ಲಿ ಇಟ್ಟು ಭಾಲ್ಕಿ ರಸ್ತೆ ಹಿಡಿದೆ.

ಬೀದರ ಎತ್ತರದಲ್ಲಿದೆ. ನೆಲ ಕೆಂಪು, ಮನೆ ಕಟ್ಟುವ ಕಲ್ಲೂ ಕೆಂಪು. ಸ್ವಲ್ಪ ಇಳಿದರೆ ಎರೆ ಭೂಮಿ. ತೊಗರಿ ಒಣಗಿ ರಾಶಿಗೆ ಬಂದಿತ್ತು. ಬಿಳಿ ಜೋಳ ಹಾಲು ತುಂಬಿ ನಿಂತಿತ್ತು. ಒಂದು ಹೊಲದ ಬದುವಿನಲ್ಲಿ ಸೀತನಿ ಸುಡುತ್ತಿದ್ದರು. ಗುರುತಿನವರೇನಲ್ಲ, ಆದರೂ ಕೈ ಮಾಡಿ ಕರೆದರು. ಬಿಸಿ ತೆನೆ ಉಜ್ಜಿ ಕೈಗೆ ಸುರಿದ ಒಂದು ಬೊಗಸೆ ಸೀತನಿ ತಿಂದು ಹೊರಟೆ. ಬೀದರ, ಕಲಬುರಗಿ ಕಡೆಯ ಚಳಿಗಾಲಕ್ಕೆ ಇದಕ್ಕಿಂತ ಒಳ್ಳೇ ತಿಂಡಿ ಇಲ್ಲ.

ಆ ಊರಿನ ಚರ್ಚು ದೊಡ್ಡದಲ್ಲ. ಕಲ್ಲಿನ ಗೋಡೆ, ತಗಡಿನ ಮಾಡು, ಮುಂದೆ ಒಂದು ಬೇವಿನ ಮರ. ಗಂಟೆ ಇಲ್ಲ. ಬೇವಿನ ಟೊಂಗೆಗೆ ರೈಲು ಹಳಿಯ ಒಂದು ತುಂಡು ಕಟ್ಟಿದ್ದಾರೆ. ಅದನ್ನು ಕಬ್ಬಿಣದ ಬೋಲ್ಟಿನಿಂದ ಬಾರಿಸಿದರೆ ಊರ ಆಚೆಯ ಹೊಲಕ್ಕೂ ಕೇಳಿಸುತ್ತದೆ. ಮೊದಲನೇ ಸಲ ಬಾರಿಸಿದರೆ ಸ್ನಾನ ಮಾಡಿ ಅಂತ ಅರ್ಥ. ಎರಡನೇ ಸಲ ಬಾರಿಸಿದರೆ ಮನೆ ಬಿಡಿ ಅಂತ. ಸಭಾಪಾಲಕರಿಗೆ ಈ ಒಂದೇ ಊರಲ್ಲ. ಭಾನುವಾರ ಒಂದು ಸಭೆಯ ಆರಾಧನೆ ಮುಗಿಸಿ ಇನ್ನೊಂದಕ್ಕೆ ಬೈಕಿನಲ್ಲಿ ಬರಬೇಕು. ಅವರು ಬರುವ ತನಕ ಹಾಡು ಇರುತ್ತದೆ. ಹಳ್ಳಿಯ ಸಭೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಈ ಕಾಯುವ ಹೊತ್ತೇ. ಯಾರೂ ಹೇಳುವುದಿಲ್ಲ, ಯಾರೋ ಒಬ್ಬರು ಶುರು ಮಾಡುತ್ತಾರೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಜಮಖಾನೆಯ ಮೇಲೆ. ಮಕ್ಕಳು ನಡುವೆ ಓಡಾಡುತ್ತಿರುತ್ತಾರೆ. ತಾಳ, ಢೋಲಕ್, ಪೇಟಿ.

ಮೆಥೊಡಿಸ್ಟರಿಗೆ ಹಾಡು ಹೊಸದಲ್ಲ. ಈ ಪಂಗಡ ಶುರು ಮಾಡಿದವರಲ್ಲಿ ಒಬ್ಬರಾದ ಚಾರ್ಲ್ಸ್ ವೆಸ್ಲಿ ಒಬ್ಬರೇ 6000ಕ್ಕೂ ಜಾಸ್ತಿ ಹಾಡು ಬರೆದರು. ಅಮೆರಿಕದ ಮಿಷನರಿಗಳು ಈ ಕಡೆ ಬಂದಾಗ ಜೊತೆಗೆ ಬಂದದ್ದು ಕಾಲಿನಿಂದ ಒತ್ತುವ ಆರ್ಗನ್, ಅವರ ದೇಶದ ರಾಗಗಳು. ಕುರ್ಚಿಯಲ್ಲಿ ಕೂತು ನುಡಿಸಬೇಕು. ನಮ್ಮವರು ಕೂರುವುದು ನೆಲದ ಮೇಲೆ. ಪ್ಯಾರಿಸ್ಸಿನಲ್ಲಿ 1840ರ ದಶಕದಲ್ಲಿ ಹುಟ್ಟಿದ ಹಾರ್ಮೋನಿಯಂ ಕೂಡ ಕಾಲಿನದ್ದೇ. ಅದನ್ನು ಕೈಯಿಂದ ಗಾಳಿ ಹಾಕುವ ಹಾಗೆ ಮಾಡಿ ನೆಲಕ್ಕೆ ಇಳಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರಲ್ಲಿ. ಆಮೇಲೆ ಅದು ನಮ್ಮದೇ ಆಯಿತು. ಆಕಾಶವಾಣಿಯವರು 1940ರಲ್ಲಿ ಇದನ್ನು ಪರದೇಶಿ ವಾದ್ಯ, ನಮ್ಮ ಗಮಕಕ್ಕೆ ಒಗ್ಗುವುದಿಲ್ಲ ಅಂತ ಹೊರಗಿಟ್ಟಿದ್ದರು. ಆ ನಿಷೇಧ ಸಡಿಲವಾಗಲು 1971 ಆಗಬೇಕಾಯಿತು. ಆ ಮೂವತ್ತು ವರ್ಷ ರೇಡಿಯೊದಲ್ಲಿ ಇಲ್ಲದಿದ್ದರೂ ನಮ್ಮ ಹಳ್ಳಿಯ ಭಜನೆಯಲ್ಲಿ, ನಾಟಕದಲ್ಲಿ, ಸಭೆಯಲ್ಲಿ ಪೇಟಿ ಒಂದು ದಿನವೂ ನಿಲ್ಲಲಿಲ್ಲ. ರೇಡಿಯೊದವರ ವಾದದಲ್ಲಿ ಸತ್ಯ ಇದೆ. ಪಟ್ಟಿಯಿಂದ ಪಟ್ಟಿಗೆ ಜಾರಲು ಪೇಟಿಗೆ ಬರುವುದಿಲ್ಲ. ಆದರೆ ಶಾಲೆಗೇ ಹೋಗದ ನೂರು ಜನ ಒಂದೇ ಸ್ವರದಲ್ಲಿ ನಿಂತು ಹಾಡಬೇಕಾದರೆ ಪೇಟಿಯಂಥ ಆಸರೆ ಬೇರೆ ಇಲ್ಲ.

ಈ ಸಭೆಯ ಪೇಟಿಗೆ ಮಧ್ಯ ಸಪ್ತಕದಲ್ಲಿ ಒಂದು ಬಿಳಿ ಪಟ್ಟಿ ನಿಂತುಹೋಗಿತ್ತು. ಪಟ್ಟಿ ಒತ್ತಿದರೆ ಬರೀ ಗಾಳಿ. ನುಡಿಸುವ ಮುತ್ಯಾ (ಅಜ್ಜ) ಆ ಜಾಗ ಬಂದಾಗಲೆಲ್ಲ ಪೇಟಿ ಬಿಟ್ಟು ತಾವೇ ಗಟ್ಟಿಯಾಗಿ ಹಾಡಿ ತುಂಬುತ್ತಿದ್ದರು. ವಯಸ್ಸಾದವರು, ಉಸಿರು ಸಾಲುವುದಿಲ್ಲ. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿ "ಇದರ ಒಂದು ಹಲ್ಲ ಬಿದ್ದದ ನೋಡವ್ವ. ನನಗ ಹ್ಯಾಂಗೋ ನಡೀತದ, ಇದಕ್ಕ ಏನರ ಮಾಡು" ಅಂದರು.

ಸಭಾಪಾಲಕರು ಬಂದರು. ತಲೆಯ ಮೇಲೆಲ್ಲ ರಸ್ತೆಯ ಧೂಳು. ಸತ್ಯವೇದ ಓದಿದರು, ಪ್ರಸಂಗ ಮಾಡಿದರು, ಕಾಯಿಲೆಯವರ ಹೆಸರು ಹೇಳಿ ಪ್ರಾರ್ಥಿಸಿದರು. ಕಾಣಿಕೆಯ ಚೀಲ ಸುತ್ತಿ ಬರುವಾಗ ಒಬ್ಬ ಆಯಿ ದುಡ್ಡಿನ ಜೊತೆ ಸೆರಗಿನ ಗಂಟು ಬಿಚ್ಚಿ ಎರಡು ಕೋಳಿಮೊಟ್ಟೆ ತೆಗೆದು ಮುಂದೆ ಇಟ್ಟರು. ಇನ್ನೊಬ್ಬರು ಒಂದು ಸೇರು ತೊಗರಿ. ಇದು ಇಲ್ಲಿಯ ರೂಢಿ. ಆರಾಧನೆ ಮುಗಿದ ಮೇಲೆ ಅವನ್ನು ಅಲ್ಲೇ ಸವಾಲಿಗೆ (ಹರಾಜಿಗೆ) ಇಡುತ್ತಾರೆ, ಬಂದ ದುಡ್ಡು ಸಭೆಗೆ. ಎರಡು ಮೊಟ್ಟೆಗೆ ಪೈಪೋಟಿ ಆಗಿ ನೂರು ರೂಪಾಯಿ ತನಕ ಹೋದದ್ದನ್ನು ನೋಡಿದ್ದೇನೆ. ಕೊಂಡವರು ಮತ್ತೆ ಅದೇ ಆಯಿಯ ಕೈಗೆ ಕೊಟ್ಟರು. ಸುಗ್ಗಿ ಹಬ್ಬದಲ್ಲಿ ಇದು ಇನ್ನೂ ದೊಡ್ಡದು. ಜೋಳ, ಕಡಲೆ, ಕುಂಬಳಕಾಯಿ, ಕೋಳಿ, ಕಬ್ಬಿನ ಜಲ್ಲೆ, ಎಲ್ಲವೂ ಬರುತ್ತವೆ. ಸವಾಲು ಕೂಗುವವರ ಗಂಟಲು ಸಂಜೆಗೆ ಬಿದ್ದುಹೋಗಿರುತ್ತದೆ.

ಊಟಕ್ಕೆ ಪಕ್ಕದ ಮನೆಯವರೇ ಕರೆದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಉಂಡು ಕೈ ತೊಳೆದು ಬೇವಿನ ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂತೆ. ಸಭೆಯ ಪೇಟಿ ಬಲಕ್ಕೆ, ಚಾಚಾ ಅಂಗಡಿಯ ಪೇಟಿ ಎಡಕ್ಕೆ. ಸುತ್ತ ಮಕ್ಕಳು.

ಒಂದು ಸ್ವರ ನಿಂತರೆ ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಕಸ. ಒಂದು ಕೂದಲು, ಒಂದು ಹುಳದ ರೆಕ್ಕೆ ನಾಲಿಗೆಯ ಸೀಳಿನಲ್ಲಿ ಸಿಕ್ಕಿಕೊಂಡರೆ ಸಾಕು. ರೀಡು ಬಿಚ್ಚಿ, ದಪ್ಪ ಕಾಗದವನ್ನು ನಾಲಿಗೆಯ ಕೆಳಗೆ ಮೆಲ್ಲಗೆ ಎಳೆದರೆ ಮತ್ತೆ ಹಾಡುತ್ತದೆ. ಎಣ್ಣೆ ಮಾತ್ರ ಹಾಕಬಾರದು, ಯಾರು ಹೇಳಿದರೂ ಹಾಕಬಾರದು. ಎಣ್ಣೆ ಧೂಳನ್ನು ಹಿಡಿದುಕೊಳ್ಳುತ್ತದೆ. ಇದರಲ್ಲಿ ಕಸ ಇರಲಿಲ್ಲ. ಬಿಸಿಲಿಗೆ ಹಿಡಿದು ನೋಡಿದರೆ ನಾಲಿಗೆಯ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಬಿರುಕು ಬಿಟ್ಟ ನಾಲಿಗೆಗೆ ಔಷಧ ಇಲ್ಲ. ಬದಲಿಸಲೇಬೇಕು.

ಗುಜರಿಯ ಪೇಟಿಯ ಅದೇ ಸ್ವರದ ರೀಡು ಬಿಚ್ಚಿದೆ. ರಿವೆಟ್ಟಿನ ಹತ್ತಿರ ಸ್ವರ ತಿಳಿಸುವ ಸಣ್ಣ ಇಂಗ್ಲಿಷ್ ಅಕ್ಷರ ಒತ್ತಿತ್ತು, ಹುಡುಕುವ ಕೆಲಸ ಉಳಿಯಿತು. ಉದ್ದ ಸರಿ, ಅಗಲ ಒಂದು ಕೂದಲೆಳೆ ಜಾಸ್ತಿ. ಅಂಚನ್ನು ಕಾನಸಿನಿಂದ ಉಜ್ಜಿ ಕೂರಿಸಿದೆ. ಹಳೇ ರೀಡಿನ ಜಾಗದಲ್ಲಿ ಹಚ್ಚಿದ್ದ ತೊಗಲು ಚೆನ್ನಾಗಿತ್ತು, ಹಾಗಾಗಿ ಗಾಳಿ ಸೋರಲಿಲ್ಲ. ತಿದಿ ಒತ್ತಿ ಪಟ್ಟಿ ಹಿಡಿದೆ. ಬಂತು. ಆದರೆ ಸ್ವಲ್ಪ ಇಳಿದ ಸ್ವರ.

ಈಗ ಶ್ರುತಿ ಕೂಡಿಸುವ ಕೆಲಸ. ಪೇಟಿಯಲ್ಲಿ ನನಗೆ ಇದರಷ್ಟು ಪ್ರೀತಿಯ ಕೆಲಸ ಬೇರೆ ಇಲ್ಲ. ನಾಲಿಗೆಯ ತುದಿಯನ್ನು ಕೆರೆದರೆ ತುದಿ ಹಗುರಾಗುತ್ತದೆ, ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಬುಡದ ಬಿಗಿ ಕಮ್ಮಿಯಾಗುತ್ತದೆ, ಸ್ವರ ಇಳಿಯುತ್ತದೆ. ಕೆಳಗೆ ಉಕ್ಕಿನ ಪಟ್ಟಿ ತೂರಿಸಿ ಆಸರೆ ಕೊಟ್ಟು, ಚಾಕುವಿನಿಂದ ಒಂದೇ ಒಂದು ಗೀರು. ಮತ್ತೆ ಕೂರಿಸಿ, ಒತ್ತಿ, ಕೇಳಬೇಕು. ಅದೇ ಸ್ವರದ ಕೆಳಗಿನ ಸಪ್ತಕದ ಪಟ್ಟಿಯನ್ನೂ ಜೊತೆಗೆ ಹಿಡಿಯಬೇಕು. ಎರಡೂ ಕೂಡದಿದ್ದರೆ ಸದ್ದಿನಲ್ಲಿ ಅಲೆ ಏಳುತ್ತದೆ, ವಾಂವ್ ವಾಂವ್ ವಾಂವ್ ಅಂತ. ಹತ್ತಿರ ಬಂದ ಹಾಗೆ ಅಲೆ ನಿಧಾನ ಆಗುತ್ತದೆ. ವಾಂವ್... ವಾಂವ್... ಆಮೇಲೆ ಇಲ್ಲವೇ ಇಲ್ಲ. ಎರಡು ಸದ್ದು ಹೋಗಿ ಒಂದಾಗಿರುತ್ತದೆ. ಸುತ್ತ ಕೂತ ಮಕ್ಕಳಿಗೆ ಕಣ್ಣು ಮುಚ್ಚಿ ಅಲೆ ಎಣಿಸಲು ಹೇಳಿದೆ. ಅಲೆ ನಿಂತ ಕ್ಷಣ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಮುಂದಿನ ಗೀರನ್ನು ಅವಳ ಕೈಯಲ್ಲೇ ಎಳೆಸಿದೆ, ಗುಜರಿಯ ಪೇಟಿಯ ಇನ್ನೊಂದು ರೀಡಿನ ಮೇಲೆ. ಕೈ ನಡುಗಲಿಲ್ಲ ಅವಳದ್ದು. ಅವಳಿಗೆ ಕಲಿಸಬೇಕು ಅಂತ ಆಗಲೇ ಅವರವ್ವನ ಹತ್ತಿರ ಮಾತಾಡಿ ಬಂದಿದ್ದೇನೆ.

ಮುತ್ಯಾ ನುಡಿಸಿ ನೋಡಿದರು. ಬಿದ್ದ ಹಲ್ಲಿನ ಜಾಗ ಬಂದಾಗ ಅಭ್ಯಾಸ ಬಲದಿಂದ ಬಾಯಿ ತೆರೆದರು. ಪೇಟಿ ತಾನೇ ಹಾಡಿತು. ಅವರು ನಕ್ಕು ನುಡಿಸುತ್ತಲೇ ಹೋದರು. ನಿಲ್ಲಿಸಲೇ ಇಲ್ಲ.

ಅಷ್ಟರಲ್ಲಿ ಕೀಬೋರ್ಡ್ ನುಡಿಸುವ ಹುಡುಗ ಬಂದ. ಸಭೆಯ ಯುವಕರೆಲ್ಲ ತೆಲಂಗಾಣದ ವಿಕಾರಾಬಾದ್ ಹತ್ತಿರ ಧಾರೂರಿನಲ್ಲಿ ನಡೆಯುವ ಮೆಥೊಡಿಸ್ಟರ ಜಾತ್ರೆಗೆ ಹೋಗಿ ಬಂದವರು. ಅಲ್ಲಿ ದೊಡ್ಡ ವೇದಿಕೆಯ ಹಾಡು ಕೇಳಿ ಬಂದ ಮೇಲೆ ಸೇರಿ ದುಡ್ಡು ಕೂಡಿಸಿ ಕೊಂಡ ಕೀಬೋರ್ಡ್ ಅದು. ಪೇಟಿ ಸರಿ ಆಯಿತಲ್ಲ, ಎರಡನ್ನೂ ಕೂಡಿ ನುಡಿಸೋಣ ಅಂದ. ನುಡಿಸಿದರೆ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. "ಪೇಟಿ ಹಳೇದಾಗ್ಯದ ಟೀಚರ್, ಅದಕ್ಕ ಕೂಡವಲ್ದು" ಅಂದ. ಮುತ್ಯಾ ಏನೂ ಅನ್ನಲಿಲ್ಲ, ತಿದಿ ಮುಚ್ಚಿ ಕೊಂಡಿ ಹಾಕಿದರು.

ನನ್ನ ಮೊಬೈಲಿನಲ್ಲಿ ಶ್ರುತಿ ಅಳೆಯುವ ಆ್ಯಪ್ ಇದೆ. ಹಿಡಿದು ನೋಡಿದೆ. ಪೇಟಿ ಹಾಳಾಗಿರಲಿಲ್ಲ. ತನ್ನೊಳಗೆ ತಾನು ಸರಿಯಾಗಿಯೇ ಇತ್ತು. ಆದರೆ ಇಡೀ ಪೇಟಿ ಕೀಬೋರ್ಡಿಗಿಂತ ಸುಮಾರು 30 ಸೆಂಟ್ ಮೇಲಿತ್ತು. ಒಂದು ಪಟ್ಟಿಗೂ ಪಕ್ಕದ ಪಟ್ಟಿಗೂ ನಡುವೆ 100 ಸೆಂಟ್ ಅಂತ ಲೆಕ್ಕ. ಅಂದರೆ ಅರ್ಧ ಪಟ್ಟಿಯೂ ಅಲ್ಲದ, ಪೂರ್ತಿ ಒಂದೂ ಅಲ್ಲದ ಅಂತರ. ಹಳೇ ಪೇಟಿಗಳಲ್ಲಿ ಇದು ಹೊಸದೇನಲ್ಲ. ಕಟ್ಟಿದವರು ಆ ಕಾಲದಲ್ಲಿ ಯಾವ ಶ್ರುತಿ ಹಿಡಿದಿದ್ದರೋ ಅದೇ ಇರುತ್ತದೆ. ಕೀಬೋರ್ಡಿಗೆ ಪೇಟಿಯನ್ನು ಇಳಿಸಬೇಕಾದರೆ ಎಲ್ಲಾ ರೀಡುಗಳ ಬುಡ ಕೆರೆಯಬೇಕು. ಅಷ್ಟು ಕೆರೆದರೆ ರೀಡಿನ ಆಯುಷ್ಯ ಹೋಗುತ್ತದೆ. ನಾನು ಮಾಡುವುದಿಲ್ಲ ಅಂದೆ.

ಕೀಬೋರ್ಡಿನಲ್ಲಿ ಟ್ಯೂನಿಂಗ್ ಅಂತ ಒಂದು ಸೌಲಭ್ಯ ಇರುತ್ತದೆ. ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ಹುಡುಗನಿಗೆ ತೋರಿಸಿದೆ. ಅವನು ಗುಂಡಿ ಒತ್ತುತ್ತಾ ಒಂದೊಂದೇ ಹೆಜ್ಜೆ ಏರಿಸಿದ. ಮುತ್ಯಾ ಷಡ್ಜ ಹಿಡಿದು ಕೂತರು. ಅದೇ ಅಲೆ, ವಾಂವ್ ವಾಂವ್. ಏರಿಸಿದ ಹಾಗೆ ನಿಧಾನ ಆಯಿತು. ಆ ಹುಡುಗಿಯೇ ಮತ್ತೆ ಮೊದಲು ಕೈ ಎತ್ತಿದಳು. ಹುಡುಗ ಆ ಅಂಕಿಯನ್ನು ಪೆನ್ನಿನಿಂದ ಟೇಪಿನ ಮೇಲೆ ಬರೆದು ಕೀಬೋರ್ಡಿನ ಅಂಚಿಗೆ ಅಂಟಿಸಿದ. ಗಂಡಸರ ಹಾಡಿಗೆ ಕರಿ 1 (ಸಪ್ತಕದ ಮೊದಲನೇ ಕಪ್ಪು ಪಟ್ಟಿ), ಹೆಂಗಸರ ಹಾಡಿಗೆ ಕರಿ 5 (ಐದನೇದು) ಅಂತ ಅದರ ಕೆಳಗೇ ಮುತ್ಯಾ ಬರೆಸಿದರು.

ಸಂಜೆ ಬೀದರಿಗೆ ಬಂದು ಗುಜರಿಯ ಪೇಟಿ ಪೂರ್ತಿ ಬಿಚ್ಚಿದೆ. ಬಹುಪಾಲು ರೀಡು ಗಟ್ಟಿ ಇವೆ. ಒಂದೊಂದನ್ನೂ ಒರೆಸಿ, ಕಾಗದದಲ್ಲಿ ಸುತ್ತಿ, ಮೇಲೆ ಸ್ವರದ ಹೆಸರು ಬರೆದು ಇಟ್ಟಿದ್ದೇನೆ. ನಿಮ್ಮ ಊರಿನ ಸಭೆಯಲ್ಲೋ, ಭಜನೆ ಮನೆಯಲ್ಲೋ, ಅಜ್ಜನ ಅಟ್ಟದ ಮೇಲೋ ಒಂದು ಸ್ವರ ನಿಂತ ಪೇಟಿ ಇದ್ದರೆ ಗುಜರಿಯವನಿಗೆ ಕೊಡಬೇಡಿ. ಮೊದಲು ರೀಡು ಬಿಚ್ಚಿ ಕಾಗದ ಎಳೆದು ನೋಡಿ. ಆಗಲೂ ಹಾಡದಿದ್ದರೆ ಯಾವ ಸಪ್ತಕದ ಯಾವ ಪಟ್ಟಿ, ಖರ್ಜದ ಸಾಲೋ ನರದ ಸಾಲೋ ಮಾದಿಯದ್ದೋ, ತಗಡಿನ ಉದ್ದ ಅಗಲ ಎಷ್ಟು ಮಿಲಿಮೀಟರ್ ಅಂತ ಬರೆದು ಕಳಿಸಿ. ನನ್ನ ಹತ್ತಿರ ಹೊಂದುವ ರೀಡು ಇದ್ದರೆ ಕೊಡುತ್ತೇನೆ. ಬೀದರ, ಭಾಲ್ಕಿ, ಹುಮನಾಬಾದ್ ಕಡೆಯವರಾದರೆ ಯಾವುದಾದರೂ ಭಾನುವಾರ ಡಬ್ಬಿ ತೆಗೆದುಕೊಂಡು ನಾನೇ ಬರುತ್ತೇನೆ.